ಸಾವಿಲ್ಲದ ಮನೆಯ ಸಾಸಿವೆ

ಕರುಣರಸದ ಮಾತು ಬಂದಾಗ ನಮ್ಮವರು ಥಟ್ಟನೆ ನೆನೆಯುವ ಕಥೆ ಕಿಸಾಗೌತಮಿಯದು. ಆಗತಾನೆ ಹೆಜ್ಜೆಯಿಡಲು ಕಲಿತ ಒಬ್ಬನೇ ಮಗ ತೀರಿಕೊಳ್ಳುತ್ತಾನೆ. ತಾಯಿ ಹೆಣವನ್ನು ಸೊಂಟದಲ್ಲಿ ಎತ್ತಿಕೊಂಡು ಮದ್ದು ಬೇಡುತ್ತ ಶ್ರಾವಸ್ತಿಯ ಬೀದಿಬೀದಿ ಅಲೆಯುತ್ತಾಳೆ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು ಬುದ್ಧನು ಅವಳನ್ನು ಕಳುಹುತ್ತಾನೆ. ಸಾಸಿವೆ ಮನೆಮನೆಯಲ್ಲಿಯೂ ಇದೆ; ಸಾವಿಲ್ಲದ ಮನೆ ಮಾತ್ರ ಒಂದೂ ಇಲ್ಲ. ಅಲೆದು ಅಲೆದು ಅವಳಿಗೆ ಅರಿವು ಮೂಡುತ್ತದೆ. ಮಗನನ್ನು ಸುಡುಗಾಡಿನಲ್ಲಿ ಇಳಿಸಿ ಬಂದು ಬುದ್ಧನಿಗೆ ಶರಣಾಗುತ್ತಾಳೆ. ಶಾಲೆಯ ವಾಚಿಕೆಯಿಂದ ಮೊದಲುಗೊಂಡು ಉಪನ್ಯಾಸದ ವೇದಿಕೆಯವರೆಗೆ ಈ ಕಥೆಯನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಕೇಳಿದಾಗಲೆಲ್ಲ ನಾವು ತೆಗೆಯುವ ತಾತ್ಪರ್ಯ ಒಂದೇ: ಸಾವಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ.

ಕಥೆಯ ದೊಡ್ಡತನವನ್ನು ಅಲ್ಲಗಳೆಯುವ ಉದ್ದೇಶ ಈ ಲೇಖನಕ್ಕಿಲ್ಲ. ಆದರೆ ನಾವು ತೆಗೆದ ತಾತ್ಪರ್ಯ ಆ ಕಥೆಗೆ ನ್ಯಾಯ ಸಲ್ಲಿಸುತ್ತದೆಯೆ ಎಂದು ಕೇಳಬೇಕಾಗಿದೆ. ಮೊದಲು ಅವಳ ಹೆಸರನ್ನೇ ನೋಡಿ. ಪಾಲಿಯ ‘ಕಿಸಾ’ ಎಂದರೆ ಸಂಸ್ಕೃತದ ‘ಕೃಶಾ’, ಬಡಕಲು ಮೈಯವಳು. ಅವಳು ಬಡಮನೆಯಲ್ಲಿ ಹುಟ್ಟಿದವಳೆಂದೂ, ಗಂಡನ ಮನೆಯಲ್ಲಿ ಅವಳನ್ನು ಕೀಳಾಗಿ ಕಂಡರೆಂದೂ, ಗಂಡುಮಗು ಹುಟ್ಟಿದ ಮೇಲೆಯೇ ಅವಳಿಗೆ ಮರ್ಯಾದೆ ದೊರೆಯಿತೆಂದೂ ಪಾಲಿ ವ್ಯಾಖ್ಯಾನಗಳು ಹೇಳುತ್ತವೆ. ಕಥೆಯ ತಾಯಿ ಯಾರೋ ಒಬ್ಬ ತಾಯಿಯಲ್ಲ; ಬಡವರ ಮನೆಯ, ಮೈಯಲ್ಲಿ ಕಸುವಿಲ್ಲದ ಹೆಣ್ಣು. ಕಥೆ ಹೇಳುವ ನಾವು ಹೆಸರನ್ನು ಉಳಿಸಿಕೊಂಡು ಹೆಸರಿನ ಅರ್ಥವನ್ನು ಕೈಬಿಟ್ಟೆವು.

ಇನ್ನೊಂದು ಸಂಗತಿಯಿದೆ. ಅವಳು ಬಾಗಿಲು ಬಾಗಿಲಿನಲ್ಲಿ ನಿಂತು ಕೇಳಿದ್ದು, ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರೆಯೆ ಎಂದು. ಎಂಬತ್ತು ವರ್ಷದ ಅಜ್ಜ ತೀರಿಕೊಂಡ ಮನೆಯೂ ಎಂಟು ದಿನದ ಕೂಸು ತೀರಿಕೊಂಡ ಮನೆಯೂ ಈ ಪ್ರಶ್ನೆಗೆ ಕೊಡುವ ಉತ್ತರ ಒಂದೇ. ಹುಟ್ಟಿದವನು ಸಾಯತಕ್ಕವನೆಂಬ ತತ್ತ್ವಕ್ಕೆ ಅಷ್ಟು ಸಾಕು. ಕೂಸು ಏಕೆ ಸತ್ತಿತೆಂಬ ಪ್ರಶ್ನೆಗೆ ಅದು ಸಾಲದು. ‘ಎಲ್ಲರೂ ಸಾಯುತ್ತಾರೆ’ ಎಂಬ ನಿಜದಿಂದ ‘ಎಲ್ಲರ ಮಕ್ಕಳೂ ಒಂದೇ ಸಮನಾಗಿ ಸಾಯುತ್ತಾರೆ’ ಎಂಬ ಸುಳ್ಳಿಗೆ ನಾವು ನಮಗರಿವಿಲ್ಲದಂತೆ ದಾಟಿಬಿಡುತ್ತೇವೆ. ನಮ್ಮ ಸಾಹಿತ್ಯದಲ್ಲಿ ಮಕ್ಕಳ ಸಾವಿನ ಚಿತ್ರಣವನ್ನು ಓದುವಾಗ ಈ ದಾಟನ್ನು ಗಮನಿಸುವುದು ವಿಮರ್ಶೆಯ ಕೆಲಸವೆಂದು ನಾನು ತಿಳಿದಿದ್ದೇನೆ.

ಹಿಂದಿನವರ ಮಟ್ಟಿಗೆ ಆ ಮಾತಿನಲ್ಲಿ ಒಂದಿಷ್ಟು ಸತ್ಯವಿತ್ತೆಂಬುದನ್ನು ಒಪ್ಪಬೇಕು. ಷಹಜಹಾನನ ರಾಣಿ ಮುಮ್ತಾಜಳು 14 ಮಕ್ಕಳನ್ನು ಹೆತ್ತಳು. ಬದುಕಿ ಬೆಳೆದವರು ಏಳು ಮಂದಿ. ಹದಿನಾಲ್ಕನೆಯ ಹೆರಿಗೆಯಲ್ಲಿ, 1631ರಲ್ಲಿ, ಬುರ್ಹಾನ್‌ಪುರದಲ್ಲಿ ಅವಳೇ ತೀರಿಕೊಂಡಳು. ಮೊಗಲ್ ಬೊಕ್ಕಸದಲ್ಲಿ ಏನೆಲ್ಲ ಇದ್ದರೂ ಆ ಮಕ್ಕಳನ್ನು ಉಳಿಸುವ ಮದ್ದು ಇರಲಿಲ್ಲ. 1900ರ ಅಮೆರಿಕದ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಸ್ಯಾಮ್ಯುಯೆಲ್ ಪ್ರೆಸ್ಟನ್ ಮತ್ತು ಮೈಕೆಲ್ ಹೈನ್ಸ್ ಎಂಬ ವಿದ್ವಾಂಸರು 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಹೊಂದುವ ಸಂಗತಿಯೊಂದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ವೈದ್ಯರ ಮನೆಗಳಲ್ಲಿ ಕೂಡ ಮಕ್ಕಳ ಸಾವು ದೇಶದ ಸರಾಸರಿಗಿಂತ ತುಸುವೇ ಕಡಮೆಯಿತ್ತಂತೆ. ರೋಗಾಣುವಿನ ತಿಳಿವಳಿಕೆ ಪ್ರಯೋಗಶಾಲೆಯಿಂದ ಇನ್ನೂ ಅಡುಗೆಮನೆಗೆ ಇಳಿದಿರಲಿಲ್ಲ. ಹಾಲು ಕಾಯಿಸುವುದು, ಕೈ ತೊಳೆಯುವುದು, ನೀರು ಶುದ್ಧಮಾಡುವುದು ಮನೆಯ ರೂಢಿಯಾಗಿರಲಿಲ್ಲ. ಆಗಲೂ ಭೇದ ಇಲ್ಲದಿರಲಿಲ್ಲ. ಅದೇ ದೇಶದ ಕರಿಯರ ಮಕ್ಕಳು ಬಿಳಿಯರ ಮಕ್ಕಳಿಗಿಂತ ಬಹಳ ಹೆಚ್ಚಾಗಿ ಸಾಯುತ್ತಿದ್ದರು. ಆದರೆ ಹಣವೂ ವಿದ್ಯೆಯೂ ಕೂಸಿಗೆ ಕೊಡಬಲ್ಲ ರಕ್ಷಣೆ ಅಂದು ಅಲ್ಪವಾಗಿತ್ತು. ‘ವಿಧಿ’ ಎಂಬ ಮಾತಿನಲ್ಲಿ ಅಂದು ಪ್ರಾಮಾಣಿಕತೆಯಿತ್ತು. ಗೊತ್ತಿಲ್ಲದ್ದಕ್ಕೆ ಇಟ್ಟ ಹೆಸರು ಅದು.

ನಮ್ಮ ಆಡುಮಾತು ಆ ಕಾಲದ ಗುರುತನ್ನು ಇನ್ನೂ ಹೊತ್ತಿದೆ. ‘ಕೂಸು ಹೋಯಿತು’, ‘ಉಳಿಯಲಿಲ್ಲ’, ‘ದಕ್ಕಲಿಲ್ಲ’, ‘ಅವಳಿಗೆ ಮಕ್ಕಳು ನಿಲ್ಲಲಿಲ್ಲ’: ಈ ಕ್ರಿಯಾಪದಗಳನ್ನು ಗಮನಿಸಿ. ಎಲ್ಲದರಲ್ಲಿಯೂ ಹೋದದ್ದು ಕೂಸೇ. ಕಳುಹಿದವರು ಯಾರೂ ಇಲ್ಲ. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣನೆಂದೋ ತಿಪ್ಪವ್ವನೆಂದೋ ಕರೆಯುವ ಪದ್ಧತಿಯಿತ್ತು. ಕಲ್ಲ, ಗುಂಡ ಎಂಬ ಹೆಸರುಗಳನ್ನೂ ಹೀಗೆಯೇ ಇಡುತ್ತಿದ್ದುದುಂಟು. ಕಸವೆಂದು ಕರೆದರೆ ಸಾವು ಇತ್ತ ತಿರುಗಿ ನೋಡದು, ಕಲ್ಲೆಂದು ಕರೆದರೆ ಒಯ್ಯಲಾರದು ಎಂಬ ನಂಬಿಕೆ. ಹುಟ್ಟಿದ ವಾರದೊಳಗೆ ಕೂಸು ಮೊಲೆಯುಣ್ಣದೆ ದವಡೆ ಬಿಗಿದು ಸೆಡೆತು ಸತ್ತರೆ ‘ಬಾಲಗ್ರಹ’ವೆನ್ನುತ್ತಿದ್ದರು. ಹೊಕ್ಕುಳಬಳ್ಳಿಯನ್ನು ಕೊಯ್ದ ಕುಡುಗೋಲಿನಿಂದಲೋ ಅದರ ಮೇಲೆ ಹಚ್ಚಿದ ಸಗಣಿಯಿಂದಲೋ ಸೇರುವ ಧನುರ್ವಾಯುವಿನ ಲಕ್ಷಣವೂ ಅದೇ ಎಂಬುದು ಇಂದು ನಮಗೆ ಗೊತ್ತು. ತಾಯಿಗೆ ಹಾಕುವ ಲಸಿಕೆಯಿಂದಲೂ ಶುಚಿಯಾದ ಹೆರಿಗೆಯಿಂದಲೂ ಭಾರತದಲ್ಲಿ ಆ ಪಿಡುಗು ನಿರ್ಮೂಲನದ ಮಟ್ಟಕ್ಕೆ ಬಂದಿತೆಂದು 2015ರಲ್ಲಿ ಘೋಷಣೆಯಾಯಿತು. ಗ್ರಹ ಬಿಟ್ಟಿತು, ‘ದಕ್ಕಲಿಲ್ಲ’ ಎಂಬ ಮಾತು ಬಿಡಲಿಲ್ಲ.

ತಿಳಿವಳಿಕೆ ಬಂದಾಗ ಅದು ಎಲ್ಲರ ಮನೆಗೂ ಒಟ್ಟಿಗೆ ಬರಲಿಲ್ಲವೆಂಬುದೇ ಇಲ್ಲಿಯ ಮುಖ್ಯ ವಿಷಯ. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ 1911ರ ಶಿಶುಮರಣದ ಲೆಕ್ಕವನ್ನು ತಂದೆಯ ಉದ್ಯೋಗಕ್ಕೆ ತಕ್ಕಂತೆ ವಿಂಗಡಿಸಿ ನೋಡಿದರು. ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮುನ್ನ ಸತ್ತವರು ಮೇಲಿನ ವರ್ಗದಲ್ಲಿ 76. ಕುಶಲತೆ ಬೇಡದ ಕೂಲಿಯವರಲ್ಲಿ 153. ಒಂದೇ ಅರಸನ ಕೆಳಗೆ, ಒಂದೇ ಮಂಜಿನಲ್ಲಿ, ಸರಿಯಾಗಿ ಇಮ್ಮಡಿ. ಅಂದಿನಿಂದ ಇಂದಿನವರೆಗೆ ಲೆಕ್ಕವಿಟ್ಟು ನೋಡಿದಲ್ಲೆಲ್ಲ ಬಹುಮಟ್ಟಿಗೆ ಇದೇ ಚಿತ್ರ ಕಾಣುತ್ತಿದೆ.

ನಮ್ಮ ದೇಶದ ಮಾತು ತೆಗೆದುಕೊಳ್ಳೋಣ. ಇಲ್ಲಿಯೂ ಸಮೀಕ್ಷೆಯವರು ಗೌತಮಿಯಂತೆ ಮನೆಮನೆಗೆ ಹೋಗುತ್ತಾರೆ. ಅವರು ಕೇಳುವ ಪ್ರಶ್ನೆ ಮಾತ್ರ ಇನ್ನೂ ಬಿಡಿಬಿಡಿಯಾದದ್ದು: ಎಷ್ಟು ಹೆತ್ತಿರಿ, ಎಷ್ಟು ಉಳಿದವು, ಹೋದದ್ದು ಎಷ್ಟನೆಯ ದಿನ, ತಾಯಿ ಎಷ್ಟು ಓದಿದ್ದಾಳೆ, ನೀರು ಎಲ್ಲಿಂದ ತರುತ್ತೀರಿ. ಮಾದರಿ ನೋಂದಣಿಯ ಲೆಕ್ಕದಂತೆ 1971ರಲ್ಲಿ ಭಾರತದ ಶಿಶುಮರಣ ಸಾವಿರಕ್ಕೆ 129 ಇತ್ತು. 2023ರಲ್ಲಿ ಅದು 25ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಇದನ್ನು ಹೇಳದೆ ಉಳಿದದ್ದನ್ನು ಹೇಳುವುದು ಅನ್ಯಾಯ. ಆದರೆ 2020ರ ಲೆಕ್ಕವನ್ನು ಬಿಡಿಸಿ ನೋಡಿ: ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43. ಇಡೀ ದೇಶದ ಪಟ್ಟಣಗಳಲ್ಲಿ 19, ಹಳ್ಳಿಗಳಲ್ಲಿ 31. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪರಿಶಿಷ್ಟ ಜಾತಿಯವರಲ್ಲಿ ಈ ಪ್ರಮಾಣ 45, ಪರಿಶಿಷ್ಟ ಪಂಗಡದವರಲ್ಲಿ 44, ಇತರ ಹಿಂದುಳಿದ ವರ್ಗಗಳಲ್ಲಿ 42, ಇವಾವುದಕ್ಕೂ ಸೇರದವರಲ್ಲಿ 32. ಐದು ವರ್ಷದೊಳಗಿನ ಸಾವನ್ನು ಮನೆಯ ಆಸ್ತಿಪಾಸ್ತಿಗೆ ತಕ್ಕಂತೆ ಐದು ಪಾಲು ಮಾಡಿ ನೋಡಿದಾಗ ತೀರ ಬಡವರ ಪಾಲಿನಲ್ಲಿ 72, ಎಲ್ಲರಿಗಿಂತ ಸಿರಿವಂತರ ಪಾಲಿನಲ್ಲಿ 23. ಸಾವಿಲ್ಲದ ಮನೆ ಇಂದಿಗೂ ಇಲ್ಲ ನಿಜ. ಹಸುಗೂಸಿನ ಸಾವು ಕಾಣದ ಬೀದಿಗಳಂತೂ ಇವೆ. ಅವು ಎಲ್ಲಿವೆ ಎಂಬುದನ್ನು ಮನೆಗಳನ್ನು ನೋಡಿಯೇ ಬಹುಮಟ್ಟಿಗೆ ಊಹಿಸಬಹುದು.

ಈ ಭೇದ ಹೇಗೆ ಕೆಲಸ ಮಾಡುತ್ತದೆ? ಬಡತನವು ಯಮನಂತೆ ಒಂದು ದಿನ ಪಾಶ ಹಿಡಿದು ಬರುವುದಿಲ್ಲ. ಅದು ಕೂಸು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ, ತಾಯಿ ಇನ್ನೂ ಹುಡುಗಿಯಾಗಿರುವಾಗ, ಅವಳ ಊಟದ ತಟ್ಟೆಯಲ್ಲಿ ತೊಡಗುತ್ತದೆ. 2019-21ರ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕಿಸಾ ಎಂಬ ಹೆಸರು ಎಷ್ಟು ಜನಕ್ಕೆ ಒಪ್ಪುತ್ತದೆ, ನೋಡಿ. ಎಳೆಯ ವಯಸ್ಸಿನ ಮದುವೆ, ಒಂದರ ಹಿಂದೆ ಒಂದು ಬಸಿರು, ದಿನ ತುಂಬುವವರೆಗೂ ಕೂಲಿ, ಇವೆಲ್ಲ ಸೇರಿದರೆ ತೂಕವಿಲ್ಲದ ಕೂಸು, ತಿಂಗಳು ತುಂಬದ ಕೂಸು. 2020ರ ಲೆಕ್ಕದಲ್ಲಿ ವರ್ಷದೊಳಗೆ ಸತ್ತ ಪ್ರತಿ 28 ಕೂಸುಗಳಲ್ಲಿ 20 ಕೂಸುಗಳು ಮೊದಲ 28 ದಿನಗಳನ್ನೇ ದಾಟಲಿಲ್ಲ. ಇಂದು ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತವೆ. ಆದರೂ ಅಂತರ ಅಳಿದಿಲ್ಲ. ಆಸ್ಪತ್ರೆಯ ಬಾಗಿಲು ದಾಟುವ ಹೊತ್ತಿಗೆ ತಾಯಿಯ ಮೈಯಲ್ಲಿ ಇಪ್ಪತ್ತು ವರ್ಷದ ಹಸಿವು ಸೇರಿಹೋಗಿರುತ್ತದೆ. ಮನೆಗೆ ಮರಳಿದ ಮೇಲೆ ಕೂಸಿಗೆ ಉಸಿರು ಸಿಕ್ಕಿಕೊಂಡ ರಾತ್ರಿ, ಪಟ್ಟಣಕ್ಕೆ ಹೋಗುವ ಬಸ್ಸು ಬೆಳಗಿಗೇ. 2017ರ ತಿದ್ದುಪಡಿ ಹೆರಿಗೆಯ ರಜೆಯನ್ನು 26 ವಾರಕ್ಕೆ ಏರಿಸಿತು. ನೌಕರಿಯಲ್ಲಿದ್ದವಳಿಗೆ ಅದು ವರವೇ ಆಯಿತು. ಕಳೆ ಕೀಳಲು ಹೋಗುವವಳಿಗೆ ರಜೆ ಕೊಡುವವರು ಯಾರು? ಅವಳ ಕೂಸು ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿರುತ್ತದೆ. ಹಾಲು ಕುಡಿಯುವ ಹೊತ್ತನ್ನು ಗೊತ್ತುಮಾಡುವುದು ಅದರ ಹಸಿವಲ್ಲ, ಸಾಲು ಮುಗಿಯುವ ಹೊತ್ತು.

ಇಷ್ಟನ್ನು ಸಾಹಿತ್ಯದ ಪುಟದಲ್ಲಿ ಏಕೆ ಹೇಳಬೇಕೆಂದು ಸಹೃದಯರು ಕೇಳಬಹುದು. ಕಾರಣವಿದೆ. ನಮ್ಮ ಕಾವ್ಯಮೀಮಾಂಸೆ ಶೋಕವು ಕರುಣರಸವಾಗುವ ಬಗೆಯನ್ನು ಸಾಧಾರಣೀಕರಣವೆಂದು ಕರೆಯಿತು. ಭಟ್ಟನಾಯಕನೂ ಅಭಿನವಗುಪ್ತನೂ ವಿವರಿಸುವಂತೆ, ಕಾವ್ಯದ ಶೋಕ ಇವನದು, ಅವಳದು ಎಂಬ ಕಟ್ಟನ್ನು ಕಳಚಿಕೊಳ್ಳುತ್ತದೆ. ದೇಶಕಾಲಗಳ ಹಂಗು ಹರಿದು ಎಲ್ಲರ ಆಸ್ವಾದಕ್ಕೆ ಒದಗುತ್ತದೆ. ಇದು ಬೆಲೆಯುಳ್ಳ ಸಿದ್ಧಾಂತ. ಪರರ ಕೂಸಿಗೆ ನಮ್ಮ ಕಣ್ಣು ತೇವಗೊಳ್ಳುವುದು ಇದರ ಬಲದಿಂದಲೇ. ಆದರೆ ‘ಯಾರದು’ ಎಂಬುದನ್ನು ಕಳಚುವಾಗ ‘ಏಕೆ’ ಎಂಬುದೂ ಅದರ ಜತೆಗೆ ಜಾರಿಹೋಗುವ ಅಪಾಯವಿದೆ. ಅಂಕಿಗಳ ಸಾಮಾನ್ಯೀಕರಣ ಬೇರೆ ಬಗೆಯದು: ಅದು ಹೆಸರನ್ನು ಕಳಚಿದರೂ ಊರು, ಜಾತಿ, ಕೂಲಿ, ಓದುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಒಂದರಲ್ಲಿ ಕಣ್ಣೀರಿದೆ, ಕಾರಣವಿಲ್ಲ. ಇನ್ನೊಂದರಲ್ಲಿ ಕಾರಣವಿದೆ, ಕಣ್ಣೀರಿಲ್ಲ. ಎರಡನ್ನೂ ಕೂಡಿಸಿದ ಕೃತಿಗಳು ನಮ್ಮಲ್ಲಿವೆಯೆ ಎಂದು ಹುಡುಕುವುದು ಸಾರ್ಥಕವಾದ ಕೆಲಸ.

ಹುಡುಕಿದರೆ ಸಿಕ್ಕುತ್ತವೆ, ಅದೂ ಎಣಿಸದ ಕಡೆ. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಸತ್ಯದ ಮಹಿಮೆಯ ಕಾವ್ಯವೆಂದೇ ನಾವು ಓದುತ್ತೇವೆ. ಅದರಲ್ಲಿ ಲೋಹಿತಾಶ್ವನ ಸಾವು ಹೇಗೆ ಬರುತ್ತದೆಂಬುದನ್ನು ಗಮನಿಸಿ. ಅವನು ಹಸುಗೂಸಲ್ಲ, ನಿಜ. ಆದರೆ ಸಾಲಕ್ಕಾಗಿ ತಾಯಿಯೊಡನೆ ಮಾರಾಟವಾದ ಹುಡುಗ. ಒಡೆಯನ ಮನೆಯ ಕೆಲಸಕ್ಕೆಂದು ಕಾಡಿಗೆ ಹೋದಾಗ ಅವನನ್ನು ಹಾವು ಕಚ್ಚುತ್ತದೆ. ಅರಮನೆಯಲ್ಲಿದ್ದಿದ್ದರೆ ಅವನು ಆ ಪೊದೆಯ ಬಳಿಗೆ ಹೋಗುತ್ತಲೇ ಇರಲಿಲ್ಲ. ಒಡೆಯನ ಅಪ್ಪಣೆಯಿಲ್ಲದೆ ತಾಯಿ ಮಗನ ಹೆಣವಿದ್ದಲ್ಲಿಗೆ ಹೋಗುವಂತಿಲ್ಲ. ಹೋಗಿ, ಹೊತ್ತು, ಸುಡುಗಾಡಿಗೆ ತಂದರೆ ಅಲ್ಲಿ ತೆರಿಗೆ; ತೆರಿಗೆಯನ್ನು ಕೇಳುವವನು ಇನ್ನೊಬ್ಬನ ಆಳಾದ ತಂದೆಯೇ. ಸಾಲ, ಜೀತ, ರಜೆಯಿಲ್ಲದ ದುಡಿಮೆ, ಸುಂಕ: ಒಂದು ಮಗುವಿನ ಸಾವಿನ ಸುತ್ತ ಇವಿಷ್ಟನ್ನೂ ಹದಿಮೂರನೆಯ ಶತಮಾನದ ಕವಿಯೊಬ್ಬ ನಿಲ್ಲಿಸಿದನು. ಹಾವು ನೆಪವಷ್ಟೆ. ಚಂದ್ರಮತಿಯ ಪ್ರಲಾಪ ನಮ್ಮನ್ನು ಇಷ್ಟು ಕಲಕುವುದು ತಾಯ್ತನದ ದುಃಖದಿಂದ ಮಾತ್ರವಲ್ಲ. ಆ ದುಃಖಕ್ಕೂ ಬಿಡುವು ಕೊಡದ ಸ್ಥಿತಿಯಿಂದ. ಕೊನೆಯಲ್ಲಿ ದೇವರು ಪ್ರತ್ಯಕ್ಷನಾಗಿ ಮಗನನ್ನು ಎಬ್ಬಿಸುವುದು ಬೇರೆಯ ಮಾತು.

ಬೇಂದ್ರೆಯವರು ಮಗುವಿನ ಸಾವಿನ ದುಃಖದಲ್ಲಿ ಬರೆದ ಹಾಡು ಕನ್ನಡಿಗರಿಗೆಲ್ಲ ಗೊತ್ತು. ಮಡದಿಯ ನೋಟವನ್ನು ತಾಳಲಾರದ ಗಂಡನ ಹಾಡು ಅದು. ಅಲ್ಲಿ ಸಾಮಾಜಿಕ ಕಾರಣಗಳ ಮಾತಿಲ್ಲ. ಅದನ್ನು ಬಯಸುವುದೂ ರಸಿಕತನವಲ್ಲ. ಅದರ ಸತ್ಯ ಇನ್ನೊಂದು ಬಗೆಯದು: ಅದು ಸುಲಭವಾದ ಸಮಾಧಾನವನ್ನು ಹೇಳುವುದಿಲ್ಲ. ಸಾಂತ್ವನದ ಮಾತುಗಳೆಲ್ಲ ಸೋತುಹೋದ ಜಾಗದಲ್ಲಿ ಇಬ್ಬರು ಮನುಷ್ಯರು ಮುಖಾಮುಖಿಯಾಗಿ ನಿಲ್ಲುತ್ತಾರೆ. ಮಗುವಿನ ಸಾವು ಇದ್ದದ್ದೇ ಎನ್ನುವವರಿಗೆ ಈ ಒಂದು ಹಾಡು ಸಾಕಾದ ಉತ್ತರ. ಬಡವರ ಮನೆಯ ಸಾವಿಗೆ ‘ಅವರಿಗೆ ಇದು ರೂಢಿ’ ಎನ್ನುವ ನಿಷ್ಠುರತೆ ನಮ್ಮಲ್ಲಿ ಇಲ್ಲವೆ? ಧಾರವಾಡದ ಕವಿಯ ಮನೆಯಲ್ಲಿ ಆ ನೋಟಕ್ಕೆ ಎಷ್ಟು ತೂಕವೋ, ಊರಾಚೆಯ ಕೇರಿಯಲ್ಲಿಯೂ ಅಷ್ಟೇ ತೂಕ. ಕೇರಿಯ ನೋಟವನ್ನು ಹಾಡಾಗಿಸುವ ಕವಿ ಮಾತ್ರ ಬಹುಕಾಲ ಒದಗಲಿಲ್ಲ.

ಕೇರಿಯ ಕಡೆಗೆ ಮುಖ ಮಾಡಿದ ಕೃತಿಗಳಲ್ಲಿ ಕಾರಂತರ ‘ಚೋಮನ ದುಡಿ’ಯನ್ನು ಹೆಸರಿಸದಿರಲಾಗದು. 1933ರ ಆ ಕಾದಂಬರಿಯಲ್ಲಿ ಸಾಯುವ ಮಕ್ಕಳೂ ಹಸುಗೂಸುಗಳಲ್ಲ. ಆದರೆ ಸಾಲ ತೀರಿಸಲು ಕಾಫಿತೋಟಕ್ಕೆ ಹೋದ ಮಗ ಜ್ವರ ಹೊತ್ತು ಬಂದು ಸಾಯುತ್ತಾನೆ. ಕಿರಿಯ ಮಗ ನೀಲ ನೀರಿನಲ್ಲಿ ಮುಳುಗುವಾಗ ಮುಟ್ಟಬಾರದೆಂಬ ಕಟ್ಟಳೆ ದಡದಲ್ಲಿದ್ದವರ ಕೈಯನ್ನು ಹಿಡಿಯುತ್ತದೆ. ಎರಡು ಸಾವುಗಳಿಗೂ ರೋಗ, ನೀರು ಎಂದು ಕಾರಣ ಬರೆದುಕೊಳ್ಳಬಹುದು. ಹಾಗೆ ಬರೆದುಕೊಂಡರೆ ಅದು ಸುಳ್ಳೆಂಬುದನ್ನು ಕಾರಂತರು ಒಂದು ಭಾಷಣವೂ ಇಲ್ಲದೆ ತೋರಿಸುತ್ತಾರೆ. ‘ದಕ್ಕಲಿಲ್ಲ’ ಎಂಬ ಕ್ರಿಯಾಪದಕ್ಕೆ ಅವರು ಕರ್ತೃವನ್ನು ಹುಡುಕಿಕೊಟ್ಟರು.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಹೀಗೆ ಕೇಳತೊಡಗಿದರೆ ಸಾಹಿತ್ಯ ಆರೋಗ್ಯ ಇಲಾಖೆಯ ವರದಿಯಾಗುವುದಿಲ್ಲವೆ? ಆಗಬಹುದು, ಆದದ್ದೂ ಉಂಟು. ಬಡವರ ಪರವಾಗಿ ಬರೆಯಹೊರಟ ಎಷ್ಟೋ ಕಥೆಗಳಲ್ಲಿ ಕೂಸು ಹುಟ್ಟುವುದೇ ಕೊನೆಯ ಪುಟದಲ್ಲಿ ಸಾಯುವುದಕ್ಕೆ. ಅದಕ್ಕೆ ಮೈಯಿಲ್ಲ, ಅಳುವಿಲ್ಲ, ತಾಯಿಯ ಸೆರಗನ್ನು ಹಿಡಿದೆಳೆದ ಒಂದು ಗಳಿಗೆಯಿಲ್ಲ; ಬಡತನಕ್ಕೆ ಅದೊಂದು ಸಾಕ್ಷಿ ಮಾತ್ರ. ಇದೂ ಒಂದು ಬಗೆಯ ಅನ್ಯಾಯವೇ. ವಿಧಿಯ ಹೆಸರಿನಲ್ಲಿ ಕೂಸನ್ನು ಮರೆಯುವುದಕ್ಕೂ ವಾದದ ಹೆಸರಿನಲ್ಲಿ ಮರೆಯುವುದಕ್ಕೂ ಹೆಚ್ಚು ಅಂತರವಿಲ್ಲ. ಆದಿಕವಿಯ ಶೋಕ ಶ್ಲೋಕವಾದ ಬಗೆಯನ್ನು ನೆನೆಯೋಣ. ಕ್ರೌಂಚ ಸತ್ತಾಗ ವಾಲ್ಮೀಕಿ ವಿಧಿಯನ್ನು ದೂರಲಿಲ್ಲ; ಬಾಣ ಬಿಟ್ಟ ಬೇಡನ ಕಡೆಗೆ ತಿರುಗಿ ನುಡಿದನು. ಆದರೆ ಆ ಮಾತು ಹುಟ್ಟಿದ್ದು ಹೆಣ್ಣುಹಕ್ಕಿಯ ಕೂಗನ್ನು ಕಿವಿಗೊಟ್ಟು ಕೇಳಿದ ಮೇಲೆ. ಕೂಗೂ ಬೇಕು, ಬೇಡನ ಗುರುತೂ ಬೇಕು. ಇಂದಿನ ಲೇಖಕನಿಗೆ ಇರುವ ಕಷ್ಟವೆಂದರೆ ಹಸುಗೂಸಿನ ಸಾವಿನಲ್ಲಿ ಬೇಡನು ಒಬ್ಬನಲ್ಲ, ಬಾಣ ಕಣ್ಣಿಗೆ ಬೀಳುವುದಿಲ್ಲ. ಹುಡುಗಿಯ ತಟ್ಟೆ, ನಿಂತ ಓದು, ಬಿಡದ ಕೂಲಿ, ದೂರದ ನಲ್ಲಿ, ಬೆಳಗಿನ ಬಸ್ಸು: ಇಂಥ ನೂರು ಸಣ್ಣ ಸಂಗತಿಗಳಲ್ಲಿ ಅದು ಹಂಚಿಹೋಗಿದೆ. ಸಣ್ಣ ಸಂಗತಿಗಳನ್ನು ತಾಳ್ಮೆಯಿಂದ ಹೆಣೆಯುವುದು ಕಾದಂಬರಿಯ ಹುಟ್ಟುಗುಣ. ಆದುದರಿಂದ ಈ ವಸ್ತು ಇನ್ನೂ ಕಾದಂಬರಿಕಾರನಿಗಾಗಿ, ಅದಕ್ಕೂ ಮಿಗಿಲಾಗಿ ಕಾದಂಬರಿಕಾರ್ತಿಗಾಗಿ, ಕಾದಿದೆಯೆಂದೇ ಹೇಳಬೇಕು. ವೈದ್ಯರೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ಹೆಂಗಸರ ಆರೋಗ್ಯದ ವಿಷಯವಾಗಿ ತಿಳಿಗನ್ನಡದಲ್ಲಿ ಪುಸ್ತಕಗಳನ್ನು ಬರೆದರು. ಕಥೆಯೂ ತಿಳಿವಳಿಕೆಯೂ ಒಂದೇ ಲೇಖನಿಯಿಂದ ಬರಬಹುದೆಂಬುದಕ್ಕೆ ಅವರ ಬದುಕೇ ನಿದರ್ಶನ. ಅವರ ಆರೋಗ್ಯದ ಪುಸ್ತಕಗಳನ್ನು ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಗೆ ತಳ್ಳುವುದು ತರವಲ್ಲ.

ಪಾಠ ಹೇಳುವವರಾದ ನಾವು ಕಿಸಾಗೌತಮಿಯ ಕಥೆಯನ್ನು ಬಿಡಬೇಕಾಗಿಲ್ಲ. ಹೆಸರಿನ ಅರ್ಥದಿಂದ ತೊಡಗಿ ಹೇಳಿದರಾಯಿತು. ಬುದ್ಧನು ಅವಳಿಗೆ ಉಪದೇಶವನ್ನು ಮೊದಲು ಕೊಡಲಿಲ್ಲ; ಹೋಗಿ ಮನೆಮನೆಯಲ್ಲಿ ಕೇಳಿ ಬಾ ಎಂದನು. ಕೇಳಿ ತಿಳಿಯಬೇಕೆಂಬ ಆ ಮಾತು ಕಥೆಯ ತಿರುಳಿನಲ್ಲಿಯೇ ಇದೆ. ಅಂದು ಕೇಳಿದಾಗ ದೊರೆತ ಉತ್ತರದಿಂದ ಒಬ್ಬ ತಾಯಿಗೆ ವೈರಾಗ್ಯ ಬಂದಿತು. ಇಂದು ಕೇಳಿದಾಗ ದೊರೆಯುವ ಉತ್ತರ ಬೇರೆ. ಸಾವಿರಕ್ಕೆ 43 ಕೂಸುಗಳನ್ನು ಕಳೆದುಕೊಳ್ಳುವ ನಾಡೂ ಆರನ್ನು ಕಳೆದುಕೊಳ್ಳುವ ನಾಡೂ ಒಂದೇ ದೇಶದಲ್ಲಿರುವಾಗ, ನಡುವಿನ 37 ಕೂಸುಗಳ ತಾಯಂದಿರಿಗೆ ‘ಎಲ್ಲರ ಮನೆಯಲ್ಲಿಯೂ ಇದ್ದದ್ದೇ’ ಎಂದು ಹೇಳುವ ಅಧಿಕಾರ ಯಾವ ಕವಿಗೂ ಇಲ್ಲ, ಯಾವ ಮೇಷ್ಟರಿಗೂ ಇಲ್ಲ.